ಕರಿಬಸಮ್ಮನ ಎಡಗೈ

ಕರಿಬಸಮ್ಮ ಅರ್ಧ ಮುದ್ದೆಗೇ ಕೈ ತೊಳೆದ ದಿನ ಮನೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಬೇಸಗೆ ಕಾಲಿಟ್ಟಿತ್ತು. ಮಧುಗಿರಿಯ ಬೆಟ್ಟ ಹಗಲೆಲ್ಲ ಹೀರಿದ ಬಿಸಿಲನ್ನು ಸಂಜೆಗೆ ಪೇಟೆ ಬೀದಿಯ ಮೇಲೆ ಬಿಡುತ್ತಿತ್ತು. ಅಂಥ ಸೆಕೆಯಲ್ಲಿ ಯಾರಿಗೆ ತಾನೇ ಊಟ ಸೇರೀತು ಎಂದುಕೊಂಡರು. ಮುಂದಿನ ವಾರ ಅರ್ಧ ಮುದ್ದೆ ಕಾಲು ಮುದ್ದೆಯಾಯಿತು. ಆಮೇಲೆ ಬರೀ ಒಂದು ಲೋಟ ಮಜ್ಜಿಗೆ, ಅದರ ಜೊತೆಗೊಂದು ಬೈಗುಳ.

"ಉಪ್ಪು ಹಾಕಿದ್ದೀಯೋ ಇಲ್ವೋ ಇದಕ್ಕೆ?"

"ಹಾಕಿದೀನಿ ಅತ್ತೆ."

"ಹಾಕಿದ್ರೆ ಎಲ್ಲಿಗೆ ಹೋಯ್ತು?"

ಸೊಸೆ ಸರ್ವಮಂಗಳಾ ಉಪ್ಪಿನ ಬಟ್ಟಲನ್ನು ತಂದು ಮುಂದಿಟ್ಟಳು. ಅವಳು ಆ ಮನೆಗೆ ಬಂದು, ಮಗಳು ನಾಗರತ್ನ ಹುಟ್ಟಿ, ಆ ಮಗಳು ಈಗ ಲಂಗ ಬಿಟ್ಟು ಸೀರೆ ಉಡುವಷ್ಟು ದೊಡ್ಡವಳಾಗಿದ್ದಳು. ಇಷ್ಟು ವರ್ಷಗಳಲ್ಲಿ ಅತ್ತೆ ಊಟ ಬೇಡವೆಂದದ್ದನ್ನು ಅವಳು ಕಂಡಿರಲಿಲ್ಲ. ಜಗಳವಾದ ದಿನ ಒಂದು ತುತ್ತು ಹೆಚ್ಚಿಗೇ ಉಣ್ಣುವ ಹೆಂಗಸು ಕರಿಬಸಮ್ಮ. ಗಂಡ ಹೋದ ಮೇಲೆ ದಿನಸಿ ಅಂಗಡಿಯನ್ನು ತಾನೇ ಕೂತು ನಡೆಸಿ, ಇಬ್ಬರು ಗಂಡುಮಕ್ಕಳನ್ನು ಬೆಳೆಸಿ, ದೊಡ್ಡವನು ನಂದೀಶ್ವರಯ್ಯನಿಗೆ ಅಂಗಡಿಯನ್ನೂ ಚಿಕ್ಕವನು ಚಂದ್ರಶೇಖರಯ್ಯನಿಗೆ ಓದನ್ನೂ ಕೊಟ್ಟವಳು. ಅವಳು ಬೀದಿಗಿಳಿದರೆ ಎದುರಿನ ಜಗಲಿಯವರು ಎದ್ದು ನಿಲ್ಲುತ್ತಿದ್ದರು. ಆದರೆ ಅವಳು ಬೀದಿಗಿಳಿದು ಈಗ ಬಹಳ ದಿನವಾಗಿತ್ತು. ಮನೆಯೊಳಗೂ ಸೆರಗನ್ನು ಎರಡು ಸುತ್ತು ಹೊದ್ದುಕೊಂಡೇ ಇರುತ್ತಿದ್ದಳು. ಸ್ನಾನಕ್ಕೆ ಯಾರೂ ನೀರು ಹುಯ್ಯುವುದು ಬೇಡ ಎಂದು ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಚೊಂಬು ಬಿದ್ದ ಸದ್ದು, ಅದರ ಹಿಂದೆಯೇ ನರಳಿದ ಸದ್ದು. ಸರ್ವಮಂಗಳಾ ಬಾಗಿಲು ತಳ್ಳಿ ಒಳಗೆ ಹೋದಳು. ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಕೈಕಾಲು ಕಡ್ಡಿಯಾಗಿದ್ದವು. ಹೊಟ್ಟೆ ಮಾತ್ರ ತುಂಬು ಬಸುರಿಯದು.

"ಬಾಗ್ಲು ಹಾಕು," ಅಂದಳು ಕರಿಬಸಮ್ಮ.

"ಇದೇನತ್ತೆ ಇದು?"

"ಕಣ್ಣಿಲ್ವಾ? ಹೊಟ್ಟೆ."

"ಯಾವಾಗಿಂದ?"

"ದೀಪಾವಳಿ ಹೊತ್ತಿಗೆ ನಿಂಬೆಹಣ್ಣಿನಷ್ಟು ಗಟ್ಟಿ ಕೈಗೆ ಸಿಗ್ತಿತ್ತು. ಆಮೇಲೆ ಹಿಂಗಾಯ್ತು." ಕರಿಬಸಮ್ಮ ಒದ್ದೆ ಸೀರೆಯನ್ನು ಮೇಲೆಳೆದುಕೊಂಡಳು. "ಗಂಡ ಸತ್ತೋಳು ಈ ವಯಸ್ನಲ್ಲಿ ಹೊಟ್ಟೆ ಮುಂದ್ ಮಾಡ್ಕೊಂಡು ಓಡಾಡಿದ್ರೆ ಜನ ಏನಂತಾರೆ? ನೀನು ಯಾರ ಹತ್ರಾನಾದ್ರೂ ಬಾಯಿ ಬಿಟ್ಟೆಯೋ, ನನ್ನಾಣೆ."

ಆಣೆಗೆ ಹೆದರಿ ಸರ್ವಮಂಗಳಾ ಕೆಲವು ದಿನ ಸುಮ್ಮನಿದ್ದಳು. ಹಿಟ್ಟು ಕಲೆಸುವಾಗ, ಹಸುವಿಗೆ ಹುಲ್ಲು ಹಾಕುವಾಗ, ಗಂಡನಿಗೆ ಬಡಿಸುವಾಗ ಆ ಹೊಟ್ಟೆಯೇ ಕಣ್ಣಮುಂದೆ ಬರುತ್ತಿತ್ತು. ಕೊನೆಗೆ ಒಂದು ದಿನ ಪೂಜೆಯ ಹೊತ್ತಿಗೆ ವಿಭೂತಿ ಗಟ್ಟಿ ಕೊಡಲು ಹೋದಾಗ ಅತ್ತೆ ಚಕ್ಕಂಬಕ್ಕಳ ಹಾಕಲಾರದೆ ಎರಡೂ ಕಾಲು ಚಾಚಿ, ಇಷ್ಟಲಿಂಗವಿದ್ದ ಎಡ ಅಂಗೈಯನ್ನು ಎತ್ತಲೂ ಆಗದೆ ಇಳಿಸಲೂ ಆಗದೆ ಏದುಸಿರು ಬಿಡುತ್ತಿದ್ದುದನ್ನು ಕಂಡಳು.

"ಹೊಟ್ಟೆ ಅಡ್ಡ ಬರ್ತದೆ ಕಣೆ," ಅಂದಳು ಕರಿಬಸಮ್ಮ. ಆ ದನಿಯಲ್ಲಿ ಬೈಗುಳವಿರಲಿಲ್ಲ. ಸರ್ವಮಂಗಳಾಳಿಗೆ ಅದೇ ಹೆಚ್ಚು ಹೆದರಿಕೆಯಾಯಿತು.

ಅವತ್ತು ಭಾನುವಾರ. ಕೊರಟಗೆರೆಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರಾಗಿದ್ದ ಚಂದ್ರಶೇಖರಯ್ಯನೂ ಬಂದಿದ್ದ. ಅಣ್ಣತಮ್ಮ ಇಬ್ಬರೂ ಊಟಕ್ಕೆ ಕೂತಾಗ ಸರ್ವಮಂಗಳಾ ಹುರುಳಿ ಸಾರು ಬಡಿಸುತ್ತ, "ಅತ್ತೆ ಆಣೆ ಇಟ್ಟವ್ರೆ, ಮುರೀತಾ ಇದೀನಿ," ಎಂದು ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟಳು.

ನಂದೀಶ್ವರಯ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಅವನು ಮೆದು ಮನುಷ್ಯ, ಅಂಗಡಿಯಲ್ಲಿ ತೂಕ ಬಿಟ್ಟರೆ ಬೇರೆ ಯಾವುದನ್ನೂ ತಾನೇ ತೀರ್ಮಾನ ಮಾಡಿದವನಲ್ಲ. "ಪಂಡಿತರ ಹತ್ರ ಚೂರ್ಣ ತರಿಸಾಣ," ಅಂದ.

"ಚೂರ್ಣಕ್ಕೆ ಕರಗೋ ಗಾತ್ರ ಅಲ್ಲ ಅದು. ತುಮಕೂರಿಗೆ ಕರ್ಕೊಂಡು ಹೋಗಾಣ. ಹೆಂಗಸರ ಆಸ್ಪತ್ರೆ ಐತಂತೆ, ಡಾಕ್ಟರಮ್ಮನೇ ನೋಡ್ತಾರಂತೆ."

"ಅತ್ತಿಗೆ," ಅಂದ ಚಂದ್ರಶೇಖರಯ್ಯ, ಮಕ್ಕಳಿಗೆ ಪಾಠ ಹೇಳುವ ತಾಳ್ಮೆಯಲ್ಲಿ, "ಅವ್ವನ ವಯಸ್ಸಿಗೆ ಹೊಟ್ಟೆ ಕುಯ್ಯೋದು ಅಂದ್ರೆ ಹುಡುಗಾಟವಲ್ಲ. ಪರವೂರಲ್ಲಿ, ಕಂಡೋರ ಮಧ್ಯೆ ಯಾಕೆ? ಮನೇಲೇ ನೆಮ್ಮದಿಯಾಗಿ..."

"ನೆಮ್ಮದಿಯಾಗಿ ಏನು ಶೇಖರಪ್ಪ? ಪೂರ್ತಿ ಹೇಳಿ."

ಒಳಕೋಣೆಯಿಂದ ಕರಿಬಸಮ್ಮನ ದನಿ ಬಂತು. "ನನ್ನ ಮಣ್ಣಿಗಿಟ್ಟು ಆಯ್ತೋ, ಇನ್ನೂ ಮಾತು ಉಳಿದೈತೋ?"

ಎಲ್ಲರೂ ಎದ್ದು ಒಳಗೆ ಹೋದರು. ಕರಿಬಸಮ್ಮ ಸೊಸೆಯನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಆಣೆ ಮುರಿದವಳಿಗೆ ಏನೇನು ಅನ್ನಬೇಕೋ ಎಲ್ಲ ಅಂದಳು. ಪಾವಗಡ ಸೀಮೆಯವರ ನಾಲಿಗೆಗೆ ಲಗಾಮಿಲ್ಲ, ಅರ್ಧ ತೆಲುಗು, ಅರ್ಧ ಚಾಡಿ ಎಂದಳು. ಸರ್ವಮಂಗಳಾ ಮುಗಿಯುವ ತನಕ ಕೇಳಿ, "ಅತ್ತೆ, ಇವರು ಒಂದು ಹೇಳ್ತಾರೆ, ನಾನೊಂದು ಹೇಳ್ತೀನಿ. ನಿಮಗೇನು ಬೇಕು?" ಎಂದು ಕೇಳಿದಳು.

ಆ ಮನೆಯಲ್ಲಿ ಎಲ್ಲರೂ ಕರಿಬಸಮ್ಮನ ಅಪ್ಪಣೆ ಕೇಳುತ್ತಿದ್ದರು. ನಿಮಗೇನು ಬೇಕು ಎಂದು ಕೇಳಿದವರಿರಲಿಲ್ಲ. ಅವಳು ಸೊಸೆಯ ಕಡೆ ತಿರುಗಿದಳು.

"ನೆಟ್ಟಗೆ ಕೂತು ಪೂಜೆ ಮಾಡ್ಬೇಕು," ಅಂದಳು. "ಕುಯ್ಯೋಳು ಹೆಂಗಸಾದ್ರೆ ಬರ್ತೀನಿ. ಗಂಡಸು ಮುಟ್ಟಿದ್ರೆ ಎದ್ದು ಬಂದ್ಬುಡ್ತೀನಿ."

ಹೊರಡುವ ಸಿದ್ಧತೆಗೆ ಒಂದು ವಾರ ಹಿಡಿಯಿತು. ಮಹಾರಾಜರ ಬೆಳ್ಳಿಹಬ್ಬ ಕಳೆದು ಕೆಲವು ವರ್ಷಗಳಾಗಿದ್ದವು. ತುಮಕೂರಿಗೆ ದಿನಾ ಮೋಟಾರು ಬಸ್ಸು ಹೋಗುತ್ತಿತ್ತಾದರೂ ಆಸ್ಪತ್ರೆಯೆಂದರೆ ಪೇಟೆ ಬೀದಿಯವರಿಗೆ ಇನ್ನೂ ಹಿಂದಿರುಗದ ಜಾಗ. ಅಲ್ಲಿ ಹೆರಿಗೆಯಾಗಿ ಬಂದಿದ್ದವಳು ಹಿಂದಿನ ಬೀದಿಯ ಚನ್ನಮಲ್ಲಮ್ಮ ಒಬ್ಬಳೇ. ಸರ್ವಮಂಗಳಾ ಅವಳ ಮನೆಗೆ ಹೋಗಿ ಕೂತು, ಮಲಗಲು ಏನು ಕೊಡುತ್ತಾರೆ, ಅಡುಗೆಗೆ ಒಲೆ ಎಲ್ಲಿದೆ, ಜೊತೆಯವರನ್ನು ಎಷ್ಟು ಹೊತ್ತಿನ ತನಕ ಒಳಗೆ ಬಿಡುತ್ತಾರೆ ಎಂದೆಲ್ಲ ಕೇಳಿಕೊಂಡಳು.

"ಕುಯ್ಯೋ ಕೋಣೆಗೆ ಕರ್ಕೊಂಡು ಹೋಗೋವಾಗ ಮೈಮೇಲಿಂದೆಲ್ಲಾ ತೆಗೆಸ್ತಾರೆ ಕಣಮ್ಮ," ಅಂದಳು ಚನ್ನಮಲ್ಲಮ್ಮ. "ಬಳೆ, ಓಲೆ, ದಾರ, ಎಲ್ಲಾ."

"ಲಿಂಗ?"

"ನಮ್ಮ ಪಕ್ಕದಾಕೆಗೆ ತೆಗೆಸಿದ್ರು. ಪಾಪ, ಅತ್ತುಬುಟ್ಲು."

ಸರ್ವಮಂಗಳಾ ಅಲ್ಲಿಂದ ನೇರ ಮಠದ ಮರುಳಸಿದ್ದಯ್ಯನವರ ಬಳಿಗೆ ಹೋದಳು. ಆ ಮುದಿ ಅಯ್ಯನವರು ಕಣ್ಣುಮುಚ್ಚಿ ಕೇಳಿಸಿಕೊಂಡು, "ಕುತ್ತಿಗೇಲೇ ಇರಬೇಕು ಅಂತೇನಿಲ್ಲ ತಾಯಿ. ತೋಳಲ್ಲಿರಲಿ, ಅಂಗೈಲಿರಲಿ. ಅಂಗದಿಂದ ಅಗಲಬಾರದು, ಅಷ್ಟೇ," ಅಂದರು. ಅವಳು ಮನೆಗೆ ಬಂದು ಹಳೆಯ ಬಿಳಿ ಪಂಚೆಯೊಂದನ್ನು ಉದ್ದುದ್ದಕ್ಕೆ ಹರಿದು, ಕುದಿಸಿ, ಬಿಸಿಲಿಗೆ ಒಣಗಿಸಿ, ಶುಭ್ರವಾದ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಳು. ಯಾತಕ್ಕೆಂದು ಯಾರಿಗೂ ಹೇಳಲಿಲ್ಲ. ರಾಗಿ ಹುರಿದು ಬೀಸಿದಳು, ಚಟ್ನಿಪುಡಿ ಕುಟ್ಟಿದಳು.

ಮನೆ ನಾಗರತ್ನಳ ಕೈಗೆ ಬಿತ್ತು. ಹೊರಡುವ ಬೆಳಿಗ್ಗೆ ಕರಿಬಸಮ್ಮ ಬಾಗಿಲಲ್ಲಿ ನಿಂತು ಮೊಮ್ಮಗಳಿಗೆ ಉಸಿರು ಕಟ್ಟುವ ತನಕ ಅಪ್ಪಣೆ ಕೊಟ್ಟಳು. ಕೊನೆಗೆ ನಾಗರತ್ನ, "ಅಜ್ಜಿ, ಹಸು ನನ್ನ ಮಾತು ನಿಮಗಿಂತ ಚೆನ್ನಾಗಿ ಕೇಳ್ತದೆ. ಬಸ್ಸು ಹೋಗ್ಬುಡ್ತದೆ, ಹೊರಡಿ," ಅಂದಳು.

"ನೋಡಿದ್ಯಾ, ಬಾಯಿ ತಾಯಿದೇ," ಅಂದಳು ಕರಿಬಸಮ್ಮ.

ತುಮಕೂರಿನ ಆ ಆಸ್ಪತ್ರೆ ಒಬ್ಬ ಸಾಹುಕಾರರ ದಾನದಿಂದ ನಡೆಯುತ್ತಿತ್ತು. ಉದ್ದನೆಯ ವಾರ್ಡು, ಎರಡು ಸಾಲು ಕಬ್ಬಿಣದ ಮಂಚ, ಹಿಂದೆ ರೋಗಿಗಳ ಕಡೆಯವರು ಅಡುಗೆ ಮಾಡಿಕೊಳ್ಳುವ ತಗಡಿನ ಸೂರು. ವಾರ್ಡು ಪೂರ್ತಿ ದೊಡ್ಡ ನರ್ಸಮ್ಮನ ಕೈಯಲ್ಲಿತ್ತು. ಅವಳ ಮಾತು ಕಡಿಮೆ, ಕಟ್ಟುನಿಟ್ಟು ಜಾಸ್ತಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಜೊತೆಯವರೆಲ್ಲ ಹೊರಗೆ ಹೋಗಬೇಕು ಎಂದಳು.

"ಹೋಗ್ತೀನಿ. ಆದ್ರೆ ಗೇಟಿನಾಚೆಗಲ್ಲ, ಈ ಕಿಟಕಿ ಕೆಳಗಿನ ಜಗಲಿಗೆ," ಅಂದಳು ಸರ್ವಮಂಗಳಾ. "ನಮ್ಮತ್ತೆ ಯಾರನ್ನೂ ಕೂಗೋರಲ್ಲ. ನೋವಾದ್ರೂ ತುಟಿ ಕಚ್ಚಿಕೊಂಡಿರ್ತಾರೆ. ಅವರು ಕೂಗದೇ ಇದ್ದಾಗಲೇ ನಾನು ಬೇಕು."

ನರ್ಸಮ್ಮ ಅವಳನ್ನು ಮೇಲೆ ಕೆಳಗೆ ನೋಡಿ, "ಗಲಾಟೆ ಮಾಡಕೂಡದು," ಎಂದು ಮುಂದೆ ಹೋದಳು. ಅದನ್ನೇ ಒಪ್ಪಿಗೆಯೆಂದು ತಿಳಿದು ಸರ್ವಮಂಗಳಾ ಜಗಲಿಯ ಮೇಲೆ ಕಂಬಳಿ ಹಾಸಿದಳು.

ಡಾಕ್ಟರಮ್ಮ ಕಡಪ ಕಡೆಯವರು, ಸಣ್ಣಗೆ, ಚುರುಕಾಗಿದ್ದರು. ಕನ್ನಡ ತಡವರಿಸುತ್ತಿತ್ತು. ಕರಿಬಸಮ್ಮನ ಹೊಟ್ಟೆಯನ್ನು ಬಹಳ ಹೊತ್ತು ಪರೀಕ್ಷೆ ಮಾಡಿ, ಆಮೇಲೆ ಚಂದ್ರಶೇಖರಯ್ಯನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಮಾತಾಡಿದರು. ಅವನು ಅಡುಗೆಯ ಸೂರಿಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಒಳಗೆ ಗೆಡ್ಡೆ ಐತೆ. ಕುಯ್ದು ನೋಡೋವರೆಗೂ ಒಳ್ಳೇದೋ ಕೆಟ್ಟದ್ದೋ ಹೇಳಕ್ಕಾಗಲ್ಲವಂತೆ. ಮತ್ತಿನ ಔಷಧಿಯನ್ನ ಎದೆ ತಡಕೊಳ್ಳುತ್ತೋ ಇಲ್ವೋ ಅದೂ ಖಾತ್ರಿ ಇಲ್ಲ. ಅಣ್ಣ, ಅವ್ವಂಗೆ ಇದೊಂದೂ ಹೇಳೋದು ಬೇಡ. ನಾವೇ ಒಪ್ಪಿಗೆ ಕೊಟ್ಬುಡಾಣ."

ನಂದೀಶ್ವರಯ್ಯ ತಲೆಯಾಡಿಸಿದ. ಒಲೆಯ ಮುಂದೆ ಕೂತಿದ್ದ ಸರ್ವಮಂಗಳಾ ಊದುಕೊಳವೆ ಕೆಳಗಿಟ್ಟಳು.

"ಕುಯ್ಯೋದು ಯಾರ ಹೊಟ್ಟೆ?"

"ಅತ್ತಿಗೆ, ಹೆದರಿಕೊಂಡ್ರೆ?"

"ಗಂಡ ಹೋದ ಹದಿನಾರನೇ ದಿನಕ್ಕೆ ಅಂಗಡಿ ಬಾಗಿಲು ತೆಗೆದೋರು ಅವರು. ನಿಮ್ಮಿಬ್ಬರಿಗೆ ಹೆದರಿಕೆ. ಅದನ್ನ ಅವರ ತಲೆ ಮೇಲೆ ಹೊರಿಸಬೇಡಿ."

"ನೀನು ಸುಮ್ನಿರೆ," ಅಂದ ನಂದೀಶ್ವರಯ್ಯ. ಆದರೆ ಅವಳು ಆಗಲೇ ಎದ್ದು ವಾರ್ಡಿನ ಕಡೆಗೆ ನಡೆದಿದ್ದಳು.

ಡಾಕ್ಟರಮ್ಮ ಕೈ ತೊಳೆಯುತ್ತಿದ್ದರು. ಸರ್ವಮಂಗಳಾ ತೆಲುಗಿನಲ್ಲಿ ಮಾತಾಡಿಸಿದ್ದೇ ತಡ ಅವರು ತಿರುಗಿ ನೋಡಿದರು.

"ಯಾವೂರಮ್ಮಾ ನಿಮ್ಮದು?"

"ತವರು ತಿರುಮಣಿ, ಪಾವಗಡ ಸೀಮೆ. ಅಮ್ಮಾ, ನೀವು ಮೇಷ್ಟರಿಗೆ ಹೇಳಿದ್ದನ್ನ ನಮ್ಮತ್ತೆಗೂ ಹೇಳಬೇಕು. ನೀವು ತೆಲುಗಿನಲ್ಲೇ ಹೇಳಿ, ನಾನು ಕನ್ನಡದಲ್ಲಿ ಹೇಳ್ತೀನಿ."

ಡಾಕ್ಟರಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಕರಿಬಸಮ್ಮನ ಮಂಚದ ಅಂಚಿನಲ್ಲೇ ಕೂತರು. ಕರಿಬಸಮ್ಮ ಸೊಸೆಗೆ ಬೆರಳು ತೋರಿಸಿದಳು. "ಆಯಮ್ಮ ಅಂದದ್ದನ್ನ ಒಂದಕ್ಷರ ಬಿಡದೆ ಹೇಳು. ಮಧ್ಯೆ ನಿಂದು ಸೇರಿಸ್ಬೇಡ."

ಸರ್ವಮಂಗಳಾ ಒಂದಕ್ಷರವನ್ನೂ ಬಿಡಲಿಲ್ಲ. ಗೆಡ್ಡೆ ಅಂದಳು, ಕೆಟ್ಟದ್ದಿರಬಹುದು ಅಂದಳು, ಎದೆ ನಿಲ್ಲಲೂಬಹುದು ಅಂದಳು. ಬಾಗಿಲಲ್ಲಿ ನಿಂತಿದ್ದ ಅಣ್ಣತಮ್ಮಂದಿರು ನೆಲ ನೋಡುತ್ತಿದ್ದರು.

"ಕುಯ್ದ ಮೇಲೆ ಕೆಟ್ಟದ್ದು ಅಂತ ಕಂಡ್ರೆ?" ಕೇಳಿದಳು ಕರಿಬಸಮ್ಮ.

"ಹೊಲಿದು ಮನೆಗೆ ಕಳಿಸ್ತಾರಂತೆ."

"ಕುಯ್ಯದೇ ಇದ್ರೆ?"

"ಇನ್ನೂ ಬೆಳೀತದೆ, ಉಸಿರಾಡಕ್ಕೆ ಬಿಡಲ್ಲ ಅಂತಾರೆ."

"ಇದರಲ್ಲಿ ಯೋಚನೆ ಮಾಡೋದೇನೈತೆ? ಕುಯ್ಯಿ ಅನ್ನು." ಅವಳು ಮಕ್ಕಳ ಕಡೆ ತಿರುಗಿದಳು. "ನೀವಿಬ್ರೂ ಯಾಕೆ ಸತ್ತೋರ ಮನೆ ಮುಂದೆ ನಿಂತಂಗೆ ನಿಂತಿದೀರಿ? ಹೋಗಿ ಉಂಡ್ಕೊಳ್ಳಿ."

ಕುಯ್ಯುವ ದಿನ ಬೆಳಿಗ್ಗೆ ಚನ್ನಮಲ್ಲಮ್ಮ ಹೇಳಿದ ಹಾಗೆಯೇ ಆಯಿತು. ದೊಡ್ಡ ನರ್ಸಮ್ಮ ಬಂದು, "ಕುತ್ತಿಗೇಲಿರೋದನ್ನ ತೆಗೀರಿ," ಅಂದಳು.

"ಅದು ತೆಗೆಯೋ ಒಡವೆ ಅಲ್ಲ," ಅಂದಳು ಕರಿಬಸಮ್ಮ.

"ಏನೂ ಇರಕೂಡದು. ದಾರದಲ್ಲಿ, ಬೆಳ್ಳಿಯಲ್ಲಿ ಕೊಳೆ ಇರುತ್ತೆ. ಗಾಯಕ್ಕೆ ನಂಜಾದರೆ ನಾಳೆ ನೀವೇ ನಮ್ಮನ್ನ ಕೇಳ್ತೀರಿ."

ಕರಿಬಸಮ್ಮ ಮಂಚದಿಂದ ಕಾಲು ಕೆಳಗಿಟ್ಟಳು. "ಮಂಗಳಾ, ಗಂಟು ಕಟ್ಟು. ಊರಿಗೆ ಹೋಗಾಣ."

ಚಂದ್ರಶೇಖರಯ್ಯ ಓಡಿಬಂದ. "ಅವ್ವ, ಒಂದೇ ಒಂದು ಗಳಿಗೆ. ನಾನು ಅಂಗೈಲಿ ಹಿಡ್ಕೊಂಡು ಈ ಬಾಗಿಲಲ್ಲೇ ನಿಂತಿರ್ತೀನಿ. ಕಣ್ಣು ಬಿಡೋ ಹೊತ್ತಿಗೆ ಕಟ್ತೀನಿ."

"ನಿಮ್ಮಪ್ಪನ್ನ ಮಣ್ಣಿಗಿಟ್ಟಾಗ ಅವರ ಅಂಗೈಲಿ ಏನಿತ್ತೋ?"

ಅವನು ಚಾಚಿದ್ದ ಅಂಗೈಯನ್ನು ಹಿಂದಕ್ಕೆಳೆದುಕೊಂಡ.

"ಸತ್ತೋರ ಕೈಯಿಂದಲೂ ತೆಗೆಯಲ್ಲ ನಾವು. ಬದುಕಿರೋ ತಾಯಿ ಮೈಯಿಂದ ತೆಗೀತೀಯಾ?"

ನರ್ಸಮ್ಮ ತುಟಿ ಬಿಗಿದು ನಿಂತಳು. ಅವಳಿಗೂ ಕೋಪಕ್ಕಿಂತ ಹೆಚ್ಚಾಗಿ ಗಾಬರಿ. ಒಳಗೆ ನೀರು ಕುದಿಯುತ್ತಿತ್ತು, ಆಯುಧಗಳು ಸಿದ್ಧವಾಗಿದ್ದವು. ಸರ್ವಮಂಗಳಾ ಅತ್ತೆಯ ಭುಜ ಹಿಡಿದು, "ಅಲ್ಲೇ ಕೂತಿರಿ. ನಾನು ಬರೋವರೆಗೂ ಏಳಬೇಡಿ," ಎಂದು ಹೇಳಿ, ಬಟ್ಟೆಯ ಗಂಟು ತೆಗೆದುಕೊಂಡು ಕುಯ್ಯುವ ಕೋಣೆಯ ಬಾಗಿಲಿಗೆ ಹೋದಳು. ಒಳಗೆ ಕಾಲಿಡದೆ ಹೊಸ್ತಿಲಿನಿಂದಲೇ ಡಾಕ್ಟರಮ್ಮನನ್ನು ಕರೆದಳು.

"ಅಮ್ಮಾ, ನಮ್ಮತ್ತೆ ಲಿಂಗ ಬಿಟ್ಟು ಒಳಗೆ ಬರಲ್ಲ. ಬಂದರೂ ಎದ್ದ ಮೇಲೆ ಬದುಕಿದ್ದೀನಿ ಅನ್ಕೊಳ್ಳಲ್ಲ. ನಿಮ್ಮ ನರ್ಸಮ್ಮ ಹೇಳೋದೂ ಸರಿಯೇ. ದಾರ ತೆಗೀತೀವಿ, ಬೆಳ್ಳಿ ಕರಡಿಗೆ ತೆಗೀತೀವಿ. ಒಳಗಿರೋ ಲಿಂಗ ಒಂದು ಮಾತ್ರ ಅವರ ಎಡ ಅಂಗೈಲಿರಲಿ. ಇದು ಕುದಿಸಿದ ಬಟ್ಟೆ. ಬೇಕಾದ್ರೆ ಇನ್ನೊಂದು ಸಲ ನೀವೇ ಕುದಿಸಿ, ಮುಷ್ಟಿ ಮೇಲೆ ಎಷ್ಟು ಸುತ್ತು ಬೇಕಾದ್ರೂ ಸುತ್ತಿ. ಹೊಟ್ಟೆಗೂ ಕೈಗೂ ದೂರ ಐತೆ, ಕೈಯನ್ನ ಆಚೆ ಚಾಚಿ ಕಟ್ಟಿ."

ಡಾಕ್ಟರಮ್ಮ ಗಂಟು ಬಿಚ್ಚಿ ಬಟ್ಟೆಯನ್ನು ನೋಡಿದರು. "ಇದನ್ನು ಯಾವಾಗ ಮಾಡಿದಿರಿ?"

"ಹೊರಡೋ ಮೊದಲು. ಹಿಂಗೆ ಕೇಳ್ತೀರಿ ಅಂತ ತಿಳ್ಕೊಂಡು ಬಂದಿದ್ದೆ."

"ಮತ್ತು ಏರಿದ ಮೇಲೆ ಮುಷ್ಟಿ ಸಡಿಲ ಆಗುತ್ತಮ್ಮಾ. ಕಟ್ಟು ಜಾರಿದರೆ? ನನ್ನವರಿಗೆ ಅದನ್ನು ಕಾಯುವ ಪುರಸೊತ್ತಿರೋದಿಲ್ಲ."

"ನಾನು ಹಿಡ್ಕೊಂಡು ಕೂತಿರ್ತೀನಿ."

"ರಕ್ತ ನೋಡಿ ನೀವೇ ಬಿದ್ದರೆ?"

"ಅತ್ತೆ ಮುಖ ಬಿಟ್ಟು ಬೇರೆ ಕಡೆ ನೋಡಲ್ಲ."

ನರ್ಸಮ್ಮ ಹಿಂದಿನಿಂದ ಏನೋ ಹೇಳಹೊರಟಳು. ಡಾಕ್ಟರಮ್ಮ ಕೈಯೆತ್ತಿ ತಡೆದು, "ಈಯಮ್ಮನ ಕೈಯನ್ನ ಮೊಣಕೈವರೆಗೂ ಉಜ್ಜಿ ತೊಳೆಸಿ. ಬಾಯಿಗೆ ಬಟ್ಟೆ ಕಟ್ಟಿ. ತಲೆ ಕಡೆ ಒಂದು ಸ್ಟೂಲ್ ಹಾಕಿ," ಅಂದರು. ನರ್ಸಮ್ಮನೇ ನಿಂತು ಕೈ ತೊಳೆಸಿದಳು. ಚರ್ಮ ಕೆಂಪಾಗುವ ತನಕ ಬಿಡಲಿಲ್ಲ.

ಆಮೇಲಿನದು ಸರ್ವಮಂಗಳಾ ಜೀವಮಾನವಿಡೀ ಹೇಳಿದ ಕಥೆ. ಅತ್ತೆಯ ಮೂಗಿನ ಮೇಲೆ ಬಟ್ಟೆಯಿಟ್ಟು ಔಷಧಿಯನ್ನು ತೊಟ್ಟುತೊಟ್ಟಾಗಿ ಬಿಟ್ಟರು. ಕರಿಬಸಮ್ಮನ ತುಟಿ ಶಿವಶಿವ ಅನ್ನುತ್ತಿದ್ದದ್ದು ಅರ್ಧಕ್ಕೆ ನಿಂತಿತು. ಬಟ್ಟೆ ಸುತ್ತಿದ ಮುಷ್ಟಿ ಸರ್ವಮಂಗಳಾಳ ಎರಡು ಕೈಗಳ ನಡುವೆ ಒಮ್ಮೆಲೇ ಸಡಿಲವಾಯಿತು. ಅವಳು ಬಿಗಿಯಾಗಿ ಹಿಡಿದಳು. ಮಧ್ಯೆ ಒಂದು ಬಿಳಿ ಪರದೆ ಕಟ್ಟಿದ್ದರು. ಅದರಾಚೆ ಲೋಹದ ಸದ್ದು, ಡಾಕ್ಟರಮ್ಮನ ಚಿಕ್ಕ ಚಿಕ್ಕ ಮಾತು. ಮೂಗಿಗೆ ತಲೆ ತಿರುಗಿಸುವ ವಾಸನೆ. ಅವಳು ಅತ್ತೆಯ ಹಣೆಯ ಮೇಲೆ ಮಾಸಿಹೋಗಿದ್ದ ವಿಭೂತಿಯ ಗೆರೆಗಳನ್ನು ನೋಡುತ್ತ ಕೂತಳು. ಇಷ್ಟು ಹತ್ತಿರದಿಂದ ಆ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಮದುವೆಯಾದಂದಿನಿಂದ ಆ ಮುಖದ ಮುಂದೆ ತಲೆ ತಗ್ಗಿಸಿಯೇ ಅಭ್ಯಾಸ. ಬಯ್ಯದಿದ್ದಾಗ ಅದು ನಾಗರತ್ನಳ ಮುಖದ ಹಾಗೇ ಇತ್ತು.

ಕೈ ಜೋಮು ಹಿಡಿಯಿತು, ಭುಜ ಉರಿಯಿತು, ಅವಳು ಬಿಡಲಿಲ್ಲ. ಒಂದು ಸಲ ಪರದೆಯಾಚೆ ಎಲ್ಲರೂ ಗಕ್ಕನೆ ಸುಮ್ಮನಾದರು. ಆಮೇಲೆ ದೊಡ್ಡ ಬೇಸಿನ್ನಿಗೆ ಏನೋ ಭಾರವಾದದ್ದು ಬಿದ್ದ ಸದ್ದು.

"ಇಡಿಯಾಗಿ ಬಂತು," ಅಂದರು ಡಾಕ್ಟರಮ್ಮ ತೆಲುಗಿನಲ್ಲಿ, ಅವಳಿಗೆಂದೇ. "ಎಲ್ಲಿಯೂ ಅಂಟಿಲ್ಲ. ಒಳ್ಳೆಯ ಜಾತಿಯದು."

ಹೊಲಿಗೆ ಮುಗಿದು ಹೊರಗೆ ತಂದಾಗ ಚಂದ್ರಶೇಖರಯ್ಯ ಗೋಡೆಗೆ ಹಣೆಯಿಟ್ಟು ನಿಂತಿದ್ದ. ನಂದೀಶ್ವರಯ್ಯ ಹೆಂಡತಿಯನ್ನು ನೋಡಿದ. ಅವಳ ಎರಡೂ ಕೈ ಇನ್ನೂ ಆ ಮುಷ್ಟಿಯನ್ನು ಹಿಡಿದೇ ಇದ್ದವು. ಬಿಡಿಸಿಕೊಳ್ಳಲು ಬೆರಳುಗಳೇ ಒಪ್ಪುತ್ತಿರಲಿಲ್ಲ. ಅವನು ಬಂದು ಎಲ್ಲರ ಎದುರಿಗೇ, ನಾಚಿಕೆ ಬಿಟ್ಟು, ಒಂದೊಂದೇ ಬೆರಳನ್ನು ನೀವಿ ಬಿಡಿಸಿದ. ಲಿಂಗವನ್ನು ಕರಡಿಗೆಯಲ್ಲಿಟ್ಟು ದಾರ ಕಟ್ಟಿ ಅವ್ವನ ಕುತ್ತಿಗೆಗೆ ಹಾಕಿದವನು ಚಂದ್ರಶೇಖರಯ್ಯ.

ಕರಿಬಸಮ್ಮ ಪೂರ್ತಿ ಎಚ್ಚರವಾದ ಮೇಲೆ ಮೊದಲು ಎದೆ ಮುಟ್ಟಿ ನೋಡಿಕೊಂಡಳು. ಆಮೇಲೆ ಹೊಟ್ಟೆ. ಆಮೇಲೆ, "ಎಲ್ಲಿ ಅದು?" ಅಂದಳು.

"ಯಾವುದತ್ತೆ?"

"ಇಷ್ಟು ದಿನ ಹೊತ್ತಿದ್ದೀನಿ. ನೋಡ್ಬೇಡ್ವಾ ನಾನು?"

ನರ್ಸಮ್ಮ ಆಗದು ಅಂದಳು. ಸರ್ವಮಂಗಳಾ ಮತ್ತೆ ಡಾಕ್ಟರಮ್ಮನ ಬಾಗಿಲಿಗೆ ಹೋದಳು. ಮಾರನೆಯ ದಿನ ಗಾಜಿನ ದೊಡ್ಡ ಜಾಡಿಯನ್ನು ಇಬ್ಬರು ಆಯಾಗಳು ಹೊತ್ತು ತಂದರು. ಕರಿಬಸಮ್ಮ ತಲೆ ಎತ್ತಿ, ಸಂತೆಯಲ್ಲಿ ಕುಂಬಳಕಾಯಿ ನೋಡುವವಳ ಹಾಗೆ ಆ ಕಡೆಯಿಂದ ಈ ಕಡೆಯಿಂದ ನೋಡಿ, "ಇದಕ್ಕಾ ನಾನು ಬೀದಿಗೆ ಹೋಗೋದು ಬಿಟ್ಟಿದ್ದು," ಅಂದಳು. ಪಕ್ಕದ ಮಂಚದವರು ನಕ್ಕರು. ದೊಡ್ಡ ನರ್ಸಮ್ಮನೂ ಮುಖ ತಿರುಗಿಸಿಕೊಂಡು ನಕ್ಕಳು.

ಎಲ್ಲವೂ ಸುಸೂತ್ರವಾಗಲಿಲ್ಲ. 'ಹಾಲು, ಬನ್ನು ಮಾತ್ರ' ಎಂದಿದ್ದರು. ಕರಿಬಸಮ್ಮ ಬನ್ನನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು. ಉಪವಾಸದಲ್ಲಿ ಮೈ ಇಳಿಯತೊಡಗಿದಾಗ ಸರ್ವಮಂಗಳಾ ತೆಳ್ಳಗೆ ರಾಗಿ ಅಂಬಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಕದ್ದು ಕುಡಿಸದೆ ನೇರ ಡಾಕ್ಟರಮ್ಮನ ಮೇಜಿನ ಮೇಲಿಟ್ಟು, "ಇದನ್ನ ಕೊಡಬಹುದಾ?" ಎಂದು ಕೇಳಿದಳು. ಅವರು ಒಂದು ಚಮಚ ಕುಡಿದು ನೋಡಿ ಕೊಡಿ ಅಂದರು. ಇನ್ನೊಂದು ದಿನ ಗಾಯದ ಬಟ್ಟೆಯ ವಾಸನೆ ಬೇರೆಯಾಗಿದೆ ಅನ್ನಿಸಿತು, ಮೈಯೂ ಬಿಸಿ. ನರ್ಸಮ್ಮ, "ಕುಯ್ದ ಮೇಲೆ ಸ್ವಲ್ಪ ಬಿಸಿ ಇದ್ದೇ ಇರುತ್ತೆ, ನಾಳೆ ಬಿಚ್ಚುತ್ತೀನಿ," ಅಂದಳು. "ನೀವು ಹೇಳಿದಂಗೇ ಇರಬಹುದು. ಆದ್ರೂ ಇವತ್ತೇ ಒಂದು ಸಲ ನೋಡ್ಬುಡಿ. ಏನೂ ಇಲ್ದಿದ್ರೆ ನನ್ನನ್ನ ಬಯ್ಯಿರಿ," ಎಂದು ಸರ್ವಮಂಗಳಾ ಪಕ್ಕ ಬಿಟ್ಟು ಕದಲಲಿಲ್ಲ. ಬಿಚ್ಚಿದಾಗ ಒಂದು ಹೊಲಿಗೆಯ ಬುಡದಲ್ಲಿ ಕೀವು ಕಟ್ಟಿತ್ತು. ನರ್ಸಮ್ಮ ಕ್ಷಣವೂ ತಡಮಾಡದೆ ಡಾಕ್ಟರಮ್ಮನನ್ನು ಕರೆಸಿದಳು, ತಾನೇ ತೊಳೆದಳು. ಜ್ವರ ಇಳಿಯುವ ತನಕ ತಾನೇ ಬಂದು ಬಂದು ನೋಡಿದಳು. ಆಮೇಲೆ ಸರ್ವಮಂಗಳಾಳ ಮುಂದೆ ಒಂದು ತಟ್ಟೆ ಅನ್ನ ಇಟ್ಟು, "ಬೆಳಗಿನಿಂದ ನೀನು ಏನೂ ತಿಂದಿಲ್ಲ. ಅತ್ತೆಯನ್ನು ಕೇಳೋಕೆ ನೀನಿದ್ದೀ, ನಿನ್ನನ್ನು ಕೇಳೋರು ಯಾರು?" ಅಂದಳು.

ನಂದೀಶ್ವರಯ್ಯ ವಾರಕ್ಕೊಮ್ಮೆ ಬರುತ್ತಿದ್ದ. ಒಂದು ಸಲ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದ. ಯಾವ ಊರಿನ ನಕ್ಷೆಯೋ ಅನ್ನುವ ಹಾಗಿತ್ತು ಅದರ ಆಕಾರ.

"ಇದ್ಯಾರು ತಟ್ಟಿದ್ದು, ನಾಗುನಾ?" ಅಂದಳು ಕರಿಬಸಮ್ಮ.

"ನಾನು. ನಾಗು ಹೇಳಿಕೊಟ್ಲು. ಅವಳಿಗೆ ಜ್ವರ ಬಂದಿತ್ತು ಎರಡು ದಿನ."

ಕರಿಬಸಮ್ಮ ರೊಟ್ಟಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. "ಉಪ್ಪು ಸರಿಯಾಗೈತೆ," ಅಂದಳು.

ಹುಣಸೆಮರಗಳು ಹೂ ಬಿಡುವ ಹೊತ್ತಿಗೆ ಅವರು ಊರಿಗೆ ಮರಳಿದರು. ಬಸ್ಸು ಕೊರಟಗೆರೆಯಲ್ಲಿ ನಿಂತಾಗ ಚಂದ್ರಶೇಖರಯ್ಯ ಎಳನೀರು ಹಿಡಿದು ಕಾದಿದ್ದ. ಅವ್ವನಿಗೆ ಒಂದು ಕೊಟ್ಟು, ಎರಡನೆಯದನ್ನು ಅತ್ತಿಗೆಯ ಕೈಗಿಟ್ಟ. "ನಾನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡು ಮುಚ್ಚಿಡೋಕೆ ಹೋದೆ ಅತ್ತಿಗೆ. ನೀವು ತೆಲುಗಿನಲ್ಲಿ ಕೇಳಿ ಬಿಚ್ಚಿ ಹೇಳಿದ್ರಿ," ಅಂದ. ಅವಳು, "ನೀವೂ ಒಂದು ಕುಡೀರಿ, ಬಿಸಿಲೈತೆ," ಅಂದಳು.

ಹುರುಳಿ ಒಕ್ಕಣೆಯ ಕಾಲಕ್ಕೆ ಒಂದು ಬೆಳಿಗ್ಗೆ ಬೆಟ್ಟದ ಹಿಂದಿನ ಹಳ್ಳಿಯಿಂದ ಹೊನ್ನಕ್ಕ ಎಂಬ ಒಕ್ಕಲು ಹೆಂಗಸು, ಆಸ್ಪತ್ರೆಗೆ ಹೋಗಿ ಬದುಕಿ ಬಂದವರ ಮನೆ ಯಾವುದೆಂದು ಹುಡುಕಿಕೊಂಡು ಬಂದಳು. ಅವಳ ತಾಯಿ ಬೊಮ್ಮಕ್ಕನಿಗೆ ಕಿಬ್ಬೊಟ್ಟೆಯಲ್ಲಿ ನೋವು, ಎದ್ದು ಓಡಾಡಲು ಆಗುತ್ತಿರಲಿಲ್ಲ. ಕರಿಬಸಮ್ಮ ಅವಳನ್ನು ಜಗಲಿಯ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು, ಎಲ್ಲವನ್ನೂ ಕೇಳಿದಳು.

"ಆಸ್ಪತ್ರೆಗೆ ಒಯ್ಯಾಣ ಅಂದ್ರೆ ನಮ್ಮೋರೆಲ್ಲಾ ಎದರ್ತಾರೆ ಕಣವ್ವಾ," ಅಂದಳು ಹೊನ್ನಕ್ಕ. "ಅಲ್ಲಿ ಏನ್ ಕೇಳ್ತಾರೋ ಏನ್ ಯೋಳ್ತಾರೋ ನಮಗೊಂದೂ ತಿಳಿಯಾಕಿಲ್ಲ. ನಮ್ಮ ಪರವಾಗಿ ಮಾತಾಡೋರು ಯಾರವ್ರೆ?"

ಕರಿಬಸಮ್ಮ ಒಳಗೆ ತಿರುಗಿ ಕರೆದಳು. "ಮಂಗಳಾ. ನಾಳೆ ಬೆಳಗಿನ ಬಸ್ಸಿಗೆ ಇವರ ಜೊತೆ ಹೊರಡು."

ಸರ್ವಮಂಗಳಾ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ನಾನಾ? ಇಲ್ಲಿ ಅಡುಗೆ, ಹಸು..."

"ನಾನಿಲ್ವಾ? ಎಷ್ಟು ದಿನ ಬೇಕೋ ಅಷ್ಟು ದಿನ ಇದ್ದು, ಆಯಮ್ಮ ನಡ್ಕೊಂಡು ಬಸ್ಸು ಹತ್ತೋ ಹಂಗೆ ಮಾಡ್ಕೊಂಡು ಬಾ."

ಹೊನ್ನಕ್ಕ ಕೈ ಮುಗಿದಳು. ಇನ್ನೂ ಅನುಮಾನ ಹೋಗಿರಲಿಲ್ಲ. "ಯಾರು ಕಳಿಸಿದ್ದು ಅಂತ ಅಲ್ಲಿ ಕೇಳಿದ್ರೆ ಏನಂತ ಯೋಳಾಣವ್ವಾ? ಪ್ಯಾಟೆ ಬೀದಿ ಕರಿಬಸಮ್ಮ ಅಂತ ಅನ್ನಾಣಾ?"

"ಕರಿಬಸಮ್ಮ ಅಂದ್ರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ," ಅಂದಳು ಕರಿಬಸಮ್ಮ, ಬೀದಿಯವರಿಗೆಲ್ಲ ಕೇಳುವ ಹಾಗೆ. "ಸರ್ವಮಂಗಳನ ಅತ್ತೆ ಕಳಿಸವ್ಳೆ ಅನ್ನು."